ಮೇಸ್ತ್ರಿಗಳ ಬೆನ್ನು

ಈಗ ನಾನು ಫ್ರಿಡ್ಜಿಗೆ ಮುಖ ಮಾಡಿ ಕೂತು ಬರೆಯುತ್ತಿದ್ದೇನೆ. ಇದು ನಾನಾಗಿ ಆರಿಸಿಕೊಂಡ ಜಾಗವಲ್ಲ. ನನ್ನ ಹಿಂದೆ ಊಟದ ಮೇಜಿನ ಬಳಿ ಮೊಮ್ಮಗಳು ಕ್ಲಾರಾ ಪಿಟೀಲಿನ ಪೆಟ್ಟಿಗೆ ತೆರೆದು ಕಮಾನಿಗೆ ರಾಳ ತಿಕ್ಕುತ್ತಿದ್ದಾಳೆ. ಅವಳ ಶಾಲೆಯಲ್ಲಿ ಪ್ರತಿಯೊಬ್ಬರೂ ಒಂದು ವಾದ್ಯ ಕಲಿಯಬೇಕಂತೆ. ಅವಳ ಪಾಲಿಗೆ ಪಿಟೀಲು ಬಂದಿದೆ, ನಮ್ಮ ಪಾಲಿಗೆ ಅದರ ಸದ್ದು ಬಂದಿದೆ. "ಮಾಂಯ್, ಆ ಕಡೆ ತಿರುಗಿ ಕೂತ್ಕೊಳ್ಳಿ, ನೋಡ್ಬಾರ್ದು" ಎಂದು ಅಪ್ಪಣೆಯಾಯಿತು. ಕೂತೆ. ನನ್ನ ಮಗ ನನ್ನನ್ನು ಮಾಂಯ್, ಅಂದರೆ ಅಮ್ಮ, ಎಂದು ಕರೆಯುವುದನ್ನು ಕೇಳಿ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಈ ಮನೆಯಲ್ಲಿ ನನಗೆ ಅಜ್ಜಿಯೆಂಬ ಬಡ್ತಿ ಇನ್ನೂ ಸಿಕ್ಕಿಲ್ಲ.

ರಾಳದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಮರದ ಅಂಟಿನಂತೆ, ಆರಿದ ಧೂಪದಂತೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಅದು ಹಿಂದಿನಿಂದ ಬಂದು ಮೂಗಿಗೆ ತಾಗಿದ್ದೇ ತಡ, ಲಂಡನ್ನಿನ ಇಲ್ಫರ್ಡಿನ ಈ ಸಾಲುಮನೆ, ಹೊರಗೆ ಕಸದ ಗಾಡಿಯ ಗುರುಗುರು, ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ ಡಾಕ್ಟರ ಅಪಾಯಿಂಟ್‌ಮೆಂಟಿನ ಚೀಟಿ ಎಲ್ಲ ಹಿಂದೆ ಸರಿದು ಬಸ್ತ್ಯಾಂವ್ ಮೇಸ್ತ್ರಿಗಳು ಬಂದು ನಿಂತರು. ನಿಂತದ್ದೂ ನನಗೆ ಬೆನ್ನು ಹಾಕಿಕೊಂಡೇ.

ಮೊಮ್ಮಕ್ಕಳೇ, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ, ಅದೂ ನಿಮಗೆ ಓದಲು ಬಾರದ ಲಿಪಿಯಲ್ಲಿ. ನಗಬೇಡಿ. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಊರಿನ ಇಗರ್ಜಿ, ಅಂದರೆ ಚರ್ಚಿನ, ಶಾಲೆಯಲ್ಲಿ ನನ್ನ ಕೈಗೆ ಹತ್ತಿದ್ದು ಕನ್ನಡ ಮಾತ್ರ. ನಿಮ್ಮ ಅಪ್ಪ ಓದಿ ಹೇಳಲಿ. ಒತ್ತಕ್ಷರ ಎದುರಾದರೆ ಅವನಿಗೆ ಮೆಟ್ಟಿಲು ಹತ್ತಿದವರಂತೆ ಏದುಸಿರು ಬರುತ್ತದೆ, ಸ್ವಲ್ಪ ವ್ಯಾಯಾಮವಾಗಲಿ. ಇಂಗ್ಲಿಷ್ ಬೆರೆತ ಕೊಂಕಣಿ ಆಡುವ ಕ್ಲಾರಾ ಕೂಡ ಇಲ್ಲಿ ನಮ್ಮ ಊರಿನ ಕನ್ನಡದಲ್ಲೇ ಮಾತಾಡುತ್ತಾಳೆ. ಬರೆಯುವವಳಿಗೆ ಅಷ್ಟು ಅಧಿಕಾರವಾದರೂ ಇರಬೇಕು.

ನಮ್ಮ ಕಡೆಯ ಕ್ರೈಸ್ತರಲ್ಲಿ ಮೇಸ್ತ್ರಿ ಎಂದರೆ ಗೋಡೆ ಕಟ್ಟುವವರಲ್ಲ. ಇಗರ್ಜಿಯಲ್ಲಿ ಪಿಟೀಲು ನುಡಿಸಿ ಹಾಡುವವರನ್ನು ನಡೆಸುವವರು; ಆದಿತ್ಯವಾರ ಮಧ್ಯಾಹ್ನ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮದ ಪ್ರಶ್ನೋತ್ತರ, ಬಾಯಿಪಾಠ ಮಾಡಿಸುವವರು. ಬಸ್ತ್ಯಾಂವ್ ಮೇಸ್ತ್ರಿಗಳು ತಮ್ಮ ಕೊಡೆಯಷ್ಟೇ ತೆಳ್ಳಗಿದ್ದರು. ಇಬ್ಬರೂ ಜಗಲಿಯ ಮೂಲೆಗೆ ಒರಗಿದ್ದರೆ ಯಾರು ಯಾರೆಂದು ಎರಡು ಸಲ ನೋಡಬೇಕಿತ್ತು. ಬಾಯಲ್ಲಿ ಸದಾ ಎಲೆ ಅಡಿಕೆ. ಪಾಠ ಶುರುವಾಗುವ ಮೊದಲು ಅಂಗಳದ ಅಂಚಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಕಮಾನಿಗೆ ರಾಳ ತಿಕ್ಕುತ್ತ ಕೂರುತ್ತಿದ್ದರು. ಆಗಿನ ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ. ಉದ್ದುದ್ದದ ವಿಶ್ವಾಸ ಸಂಗ್ರಹವನ್ನು, ಅಂದರೆ ನಮ್ಮ ನಂಬಿಕೆಯನ್ನೆಲ್ಲ ಒಟ್ಟಿಗೆ ಹೇಳುವ ಪ್ರಾರ್ಥನೆಯನ್ನು, ನಾವು ಗಿಳಿಗಳಂತೆ ರಾಗವಾಗಿ ಹಾಡುತ್ತಿದ್ದೆವು, ಒಂದು ಶಬ್ದದ ಅರ್ಥವೂ ಗೊತ್ತಿಲ್ಲದೆ. ಯಾರಾದರೂ ಅರ್ಥ ಕೇಳಿದರೆ ಮೇಸ್ತ್ರಿಗಳು, "ಅರ್ಥ ದೇವರಿಗೆ ಗೊತ್ತುಂಟು, ನೀನು ರಾಗ ಸರಿ ಮಾಡು" ಎನ್ನುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೂ ಅಕ್ಷರ ತಪ್ಪಿದರೆ ಮಾತ್ರ ಪಿಟೀಲಿನ ಕಮಾನು ನಮ್ಮ ಮೊಣಕಾಲಿಗೆ ಸಣ್ಣಗೆ ತಾಗುತ್ತಿತ್ತು.

ಹಾಡುವಾಗ ತೊಂದರೆಯಿರಲಿಲ್ಲ, ಗುಂಪಿನಲ್ಲಿ ಗೋವಿಂದ ಎಂದ ಹಾಗೆ ನನ್ನದೂ ಒಂದು ದನಿ. ಒಬ್ಬಳೇ ಎದ್ದು ನಿಂತು ದೊತೊರ್ನ್ ಒಪ್ಪಿಸಬೇಕೆಂದರೆ ಮಾತ್ರ ಗಂಟಲಿಗೆ ಬೀಗ ಬೀಳುತ್ತಿತ್ತು. ಉತ್ತರ ಗೊತ್ತಿಲ್ಲದೆ ಅಲ್ಲ. ಎದುರಿಗೆ ಒಂದು ಮುಖ ಕಂಡರೆ ಸಾಕು, ಎಲ್ಲ ಉತ್ತರಗಳೂ ಬಾಗಿಲ ಮರೆಗೆ ಹೋಗಿ ನಿಲ್ಲುತ್ತಿದ್ದವು. ನನ್ನ ತಮ್ಮ, ಅರ್ಧ ಉತ್ತರ ಬಂದರೆ ಉಳಿದರ್ಧ ಕಟ್ಟಿ ಹೇಳುವ ಮಹಾರಾಯ, ಭೇಷ್ ಅನ್ನಿಸಿಕೊಂಡು ಬರುತ್ತಿದ್ದ. ನಾನು ಪೂರ್ತಿ ಉತ್ತರವನ್ನು ಹೊಟ್ಟೆಯೊಳಗಿಟ್ಟುಕೊಂಡು ದಡ್ಡಿ ಅನ್ನಿಸಿಕೊಂಡು ಬರುತ್ತಿದ್ದೆ.

ಒಂದು ದಿನ ನಾನು ಹಟ್ಟಿಯಲ್ಲಿ ಕರುವಿಗೆ ಹುಲ್ಲು ಹಾಕುತ್ತ ದೊತೊರ್ನ್ ಒಪ್ಪಿಸುತ್ತಿದ್ದೆ. ಕರುವಿನ ಮುಂದೆ ನನಗೆ ನಾಚಿಕೆಯಿರಲಿಲ್ಲ. ಅದಕ್ಕೆ ಹುಲ್ಲಿನ ಮೇಲೆ ಕಣ್ಣು. ಬೇಲಿಯಾಚೆ ಹೋಗುತ್ತಿದ್ದ ಮೇಸ್ತ್ರಿಗಳು ನಿಂತು ಕೇಳಿದ್ದರಂತೆ. ಮುಂದಿನ ಆದಿತ್ಯವಾರ ನನ್ನ ಸರದಿ ಬಂದಾಗ ಅವರು ತಮ್ಮ ಸ್ಟೂಲನ್ನೆತ್ತಿ, ನನಗೆ ಬೆನ್ನು ಹಾಕಿ, ಗದ್ದೆಯ ಕಡೆ ಮುಖ ಮಾಡಿ ಕೂತರು.

"ನಾನಿಲ್ಲ ಅಂತ ತಿಳ್ಕೊ. ಗದ್ದೆಗೆ ಹೇಳು."

ಸ್ವಲ್ಪ ಹೊತ್ತು ಗದ್ದೆಯೂ ಕಾಯಿತು, ನಾನೂ ಕಾದೆ. ಆಮೇಲೆ ಮೊದಲ ಉತ್ತರ ಬಾಗಿಲ ಮರೆಯಿಂದ ಇಣುಕಿತು, ಅದರ ಹಿಂದೆ ಮತ್ತೊಂದು. ಹೀಗೆ ಬಸ್ತ್ಯಾಂವ್ ಮೇಸ್ತ್ರಿಗಳ ಬೆನ್ನು ನನಗೆ ಅವರ ಮುಖಕ್ಕಿಂತ ಹೆಚ್ಚು ಪರಿಚಯವಾಯಿತು. ಕಾಲರಿನ ಸವೆದ ಅಂಚು, ಕತ್ತಿನ ಎರಡು ಗೆರೆಗಳು, ದೊಡ್ಡ ಕಿವಿ. ನಾನು ಹೇಳುತ್ತಿದ್ದಷ್ಟು ಹೊತ್ತೂ ಆ ಕಿವಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಮೇಸ್ತ್ರಿಗಳು ನಮಗೆ ಕಾಣದ ಹಾಗೆ ಎಲೆ ಅಡಿಕೆ ಜಗಿಯುತ್ತಿದ್ದಾರೆ, ಅದಕ್ಕೇ ಆ ಕಡೆ ತಿರುಗುತ್ತಾರೆ ಎಂದು ನಾವೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ದನದ ಹಾಗೆ ಮೆಲುಕು ಹಾಕ್ತಾರೆ ಎಂದು ನನ್ನ ತಮ್ಮ ನಟಿಸಿಯೂ ತೋರಿಸುತ್ತಿದ್ದ.

ಪ್ರಥಮ ಪರಮಪ್ರಸಾದದ ವರ್ಷ, ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ವರ್ಷ, ಬಂತು. ಬಿಳಿ ಲಂಗ ಹೊಲಿಸಿ ಆಗಿತ್ತು. ಆದರೆ ಅದಕ್ಕೂ ಮೊದಲು ಇಗರ್ಜಿಯ ಮುಖ್ಯಸ್ಥರಾದ ವಿಗಾರ್ ಪಾದ್ರಿಗಳ ಮುಂದೆ ದೊತೊರ್ನ್ ಒಪ್ಪಿಸಬೇಕು; ಒಪ್ಪಿಸದವರು ಇನ್ನೊಂದು ವರ್ಷ ಕಾಯಬೇಕು, ಲಂಗ ಮೊಣಕಾಲಿಗೆ ಬಂದರೂ ಸರಿಯೇ. ಪಾದ್ರಿಗಳು ಭಾರಿ ಆಳು, ಭಾರಿ ಗಡ್ಡ, ಭಾರಿ ಬೆತ್ತದ ಕುರ್ಚಿ. ನಾನು ಎದುರು ನಿಂತೆ. ಬೀಗ ಬಿತ್ತು. "ಎಂತ ಮಗಾ, ನಾಲಿಗೆ ಮನೆಯಲ್ಲಿ ಬಿಟ್ಟು ಬಂದಿಯಾ?" ಎಂದರು ಅವರು, ಪ್ರೀತಿಯಿಂದಲೇ. ಆ ಪ್ರೀತಿಗೆ ಎರಡನೇ ಬೀಗವೂ ಬಿತ್ತು.

ಮೇಸ್ತ್ರಿಗಳು ಕಂಬದ ಪಕ್ಕ ನಿಂತಿದ್ದರು. ಪಾದ್ರಿಗಳ ಮುಂದೆ ಅವರು ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಬರಿಗಾಲಿನಲ್ಲಿ ಬಂದು, ಕೈ ಕಟ್ಟಿ ನಿಂತು, ತಲೆಯಾಡಿಸಿ ಹೋಗುವವರು. ಅಂದು ಎರಡು ಹೆಜ್ಜೆ ಮುಂದೆ ಬಂದು ಪಿಸುದನಿಯಲ್ಲಿ ಹೇಳಿದರು:

"ಪಾದ್ರಾಬಾ, ಪೂಜೆಯಲ್ಲಿ ನೀವು ನಮಗೆಲ್ಲ ಬೆನ್ನು ಹಾಕಿ ದೇವರ ಹತ್ರ ಮಾತಾಡ್ತೀರಿ. ನಾವು ಒಮ್ಮೆಯಾದ್ರೂ ಬೇಜಾರು ಮಾಡಿದ್ದುಂಟಾ? ಇವಳಿಗೂ ಒಮ್ಮೆ ಬೆನ್ನು ಹಾಕಿ."

ಆ ಕಾಲದ ಪೂಜೆ ನಿಜಕ್ಕೂ ಹಾಗೆಯೇ, ಮಕ್ಕಳೇ. ಪಾದ್ರಿಗಳ ಮುಖ ಪೀಠದ ಕಡೆ, ಬೆನ್ನು ನಮ್ಮ ಕಡೆ. ವಿಗಾರರು ಮೇಸ್ತ್ರಿಗಳನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಏದುಸಿರು ಬಿಡುತ್ತ ಎದ್ದು, ಕುರ್ಚಿಯನ್ನು ಕಿರ್ರೆಂದು ತಿರುಗಿಸಿ, ಗೋಡೆಯಲ್ಲಿದ್ದ ಬಿಷಪರ ಫೋಟೋಕ್ಕೆ ಮುಖ ಮಾಡಿ ಕೂತರು. ಆ ವರ್ಷವೇ ಬಿಳಿ ಲಂಗ ಉಟ್ಟೆ.

ನನ್ನ ಮದುವೆಯ ದಿನವೂ ಮೇಸ್ತ್ರಿಗಳೇ ಪಿಟೀಲು ನುಡಿಸಿದರು. ಅವರಿದ್ದದ್ದು ಹಿಂದಿನ ಅಟ್ಟದ ಮೇಲೆ, ನಾನಿದ್ದದ್ದು ಮುಂದೆ ಪೀಠದ ಬಳಿ. ಅಂದು ಬೆನ್ನು ನನ್ನದು. ತಿರುಗಿ ನೋಡುವ ಆಸೆಯಿತ್ತು. ಮದುಮಗಳು ತಿರುಗಿ ನೋಡಿದರೆ ಊರಿನವರು ಅದಕ್ಕೊಂದು ಕಥೆ ಕಟ್ಟುತ್ತಿದ್ದರು. ಗಂಡನ ಮನೆಯಲ್ಲೂ ನನ್ನ ಗಂಟಲು ಸುಧಾರಿಸಲಿಲ್ಲ. ಮುಖ್ಯವಾದ ಮಾತು ಏನಿದ್ದರೂ ನಿಮ್ಮ ಅಜ್ಜ ಪೇಪರು ಮುಖಕ್ಕೆ ಅಡ್ಡ ಹಿಡಿದಾಗಲೇ ಹೇಳುತ್ತಿದ್ದೆ. ನಿಮ್ಮ ಅಪ್ಪ ಹುಟ್ಟುವ ಸುದ್ದಿಯನ್ನು ಮೊದಲು ಕೇಳಿದ್ದು ಆ ಪೇಪರು. ಎಷ್ಟೋ ಕಾಲದ ಮೇಲೆ ಒಂದು ಸಂಜೆ ಗಮನಿಸಿದೆ, ಅವರು ಅಷ್ಟು ಹೊತ್ತಿನಿಂದ ಹಿಡಿದು ಕೂತಿದ್ದದ್ದು ನಿನ್ನೆಯ ಪೇಪರನ್ನು. ಅವರಿಲ್ಲದ ಮೇಲೆ ಅಂಥ ಮಾತುಗಳನ್ನು ಹೇಳಲು ನನಗೆ ಪೇಪರೂ ಇಲ್ಲದೆ ಹೋಯಿತು. ನಿಮ್ಮ ಅಪ್ಪ ನನ್ನನ್ನು ಇಲ್ಫರ್ಡಿಗೆ ಕರೆದುಕೊಂಡು ಬಂದ.

ಬಂದು ನೋಡಿದರೆ ಇಲ್ಲಿ ದೊಡ್ಡ ಚರ್ಚೆ. ಮಕ್ಕಳನ್ನು ಹತ್ತಿರದ ಶಾಲೆಯಿಂದ ಬಿಡಿಸಿ ಬೇರೆ ಕಡೆ ಹಾಕಬೇಕು, ಕ್ಲಾಸಿಕಲ್ ಕ್ರಿಶ್ಚಿಯನ್ ಶಾಲೆಗೆ. ಕ್ಲಾಸಿಕಲ್ ಎಂದ ಕೂಡಲೇ ನಾನು ವೀಣೆ ಮೃದಂಗದ ಶಾಲೆ ಎಂದುಕೊಂಡೆ, ಅದರಲ್ಲಿ ಕ್ರಿಶ್ಚಿಯನ್ ಎಲ್ಲಿಂದ ಬಂತು ಎಂದು ಯೋಚಿಸಿದೆ. ಕೇಳಲು ನಾಚಿಕೆ. ಸೊಸೆ ಲವೀನಾ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತ ವಿವರಿಸಿದಳು. ಹಳೆಯ ಕಾಲದ ಕ್ರಮದ ಶಾಲೆಯಂತೆ, ಒಂದು ಇಗರ್ಜಿಯ ಹಾಲ್‌ನಲ್ಲಿ ನಡೆಯುತ್ತದಂತೆ. ಬಾಯಿಪಾಠ, ಲ್ಯಾಟಿನ್, ಪ್ರಾರ್ಥನೆ, ಹಾಡು, ದೊಡ್ಡವರು ಬಂದರೆ ಎದ್ದು ನಿಲ್ಲುವುದು. ನಿಮ್ಮ ಅಪ್ಪ ಬಹಳ ಗಂಭೀರನಾಗಿ, "ಮಕ್ಕಳಿಗೆ ಕೈಯಲ್ಲಿ ಹಿಡ್ಕೊಳ್ಳಿಕ್ಕೆ ಒಂದು ಸಂಪ್ರದಾಯ ಬೇಕು ಮಾಂಯ್" ಎಂದ. ದೊತೊರ್ನಿಗೆ ಹೋಗು ಎಂದರೆ ಗೇರುಮರ ಹತ್ತಿ ಕೂರುತ್ತಿದ್ದವನು ಇವನೇ. ಕೆಳಗಿಳಿಸಲು ನಾನು ಮರದ ಬುಡದಲ್ಲಿ ನಿಂತು ಎಷ್ಟು ಬೇಡಿಕೊಂಡಿದ್ದೇನೆ. ಆದರೆ ಈಗ ಅವನು ಹಿಡಿದದ್ದು ಒಳ್ಳೆಯ ಕೊಂಬೆಯನ್ನೇ, ಅಲುಗಾಡಿಸಬಾರದು ಎಂದು ಸುಮ್ಮನಾದೆ.

ಕ್ಲಾರಾಳ ಅಣ್ಣ ಏರನ್ ಆ ಶಾಲೆಗೆ ಮೀನು ನೀರಿಗೆ ಇಳಿದ ಹಾಗೆ ಇಳಿದ. ಅವನು ನನ್ನ ತಮ್ಮನ ಜಾತಿ; ಅರ್ಧ ಗೊತ್ತಿದ್ದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಲ್ಯಾಟಿನ್ ಹೇಳಿಕೊಟ್ಟಾನು. ಕ್ಲಾರಾ ನನ್ನ ಜಾತಿ. ಮೂಗು ಸೊಸೆಯ ಕಡೆಯದು, ಬಣ್ಣ ಅಜ್ಜನದು, ನಾಚಿಕೆ ಮಾತ್ರ ನನ್ನದೇ. ಇಷ್ಟೆಲ್ಲ ಆಸ್ತಿಯಿರುವಾಗ ಅವಳು ಅದನ್ನೇ ಏಕೆ ಆರಿಸಿಕೊಂಡಳೋ.

ಟರ್ಮಿನ ಕೊನೆಯಲ್ಲಿ ಆ ಶಾಲೆಯಲ್ಲಿ ಒಪ್ಪಿಸುವ ದಿನ. ತಂದೆತಾಯಿಗಳ ಎದುರು ಒಬ್ಬೊಬ್ಬರೇ ಬಂದು ಕಲಿತದ್ದನ್ನು ಹೇಳಬೇಕು. ಕ್ಲಾರಾಳಿಗೆ ಕೊಟ್ಟದ್ದು ಲ್ಯಾಟಿನ್ ವಿಶ್ವಾಸ ಸಂಗ್ರಹ. ಹೆಡ್‌ಮಾಸ್ಟರು ನಿಮ್ಮ ಅಪ್ಪ ಅಮ್ಮನನ್ನು ಕರೆಸಿ ಚಹ ಕೊಟ್ಟು, ಬಹಳ ಮೆದುವಾಗಿ ಹೇಳಿದರಂತೆ: ತರಗತಿಯಲ್ಲಿ ಅವಳ ದನಿಯನ್ನು ಯಾರೂ ಕೇಳಿಲ್ಲ, ಆ ದಿನವೂ ಬಾಯಿ ಬಿಡದಿದ್ದರೆ ಮುಂದಿನ ವರ್ಷ ಚಿಕ್ಕ ಮಕ್ಕಳ ತರಗತಿಯಲ್ಲೇ ಉಳಿಸುವುದು ಅವಳಿಗೇ ಒಳ್ಳೆಯದು. ಕ್ಲಾರಾಳಿಗೆ ಆ ಶಾಲೆಯಲ್ಲಿದ್ದದ್ದು ಒಬ್ಬಳೇ ಗೆಳತಿ. ಆ ಗೆಳತಿ ಮುಂದೆ ಹೋಗುತ್ತಾಳೆ, ಇವಳು ಹಿಂದೆ ಉಳಿಯುತ್ತಾಳೆ. ಆ ಸಂಜೆ ಅವಳು ಊಟ ಮಾಡಲಿಲ್ಲ. ಏಕೆಂದು ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಮರುದಿನ ನಾನು ಈಸ್ಟ್ ಹ್ಯಾಮಿನ ಅಂಗಡಿಯಿಂದ ತಂದ ಬಂಗುಡೆಯನ್ನು ಸಿಂಕಿನಲ್ಲಿ ಹಾಕಿಕೊಂಡು ಶುಚಿ ಮಾಡುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ತಿರುಗದೆಯೇ ಹೇಳಿದೆ, "ನಾನಿಲ್ಲ ಅಂತ ತಿಳ್ಕೊ. ಮೀನಿಗೆ ಹೇಳು." ನಲ್ಲಿ ಬಿಟ್ಟು ಮೀನು ತೊಳೆಯುತ್ತ ಹೋದೆ. ಆಮೇಲೆ, ಬೆಕ್ಕು ಒಳಗೆ ಬಂದಷ್ಟು ಮೆಲ್ಲಗೆ, ಲ್ಯಾಟಿನ್ ಬಂತು. ನಾನು ಬಂಗುಡೆಯ ಕಿವಿರು ಕೀಳುವುದನ್ನು ಕೂಡ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಅಂದಿನಿಂದ ದಿನವೂ ಹಾಗೆಯೇ. ಕಾಯಿ ತುರಿಯುವಾಗ, ಪಾತ್ರೆ ತೊಳೆಯುವಾಗ. ರೋಮಿನ ಭಾಷೆ ಈ ಮನೆಯಲ್ಲಿ ಬೆಳೆದದ್ದು ಬಂಗುಡೆಯ ವಾಸನೆಯಲ್ಲಿ. ಮಧ್ಯೆ ಒಮ್ಮೆ ನಾನು ಒಂದು ಸಾಲು ಮುಂದಾಗಿ ಹಾಡಿಬಿಟ್ಟೆ. "ಮಾಂಯ್, ನಿಮ್ಮ ಲ್ಯಾಟಿನ್ ಹಾಗೇನು?" ಎಂದಳು. ನಮ್ಮ ಊರಿನ ಹೊಳೆ ನೀರು ಕುಡಿದ ಲ್ಯಾಟಿನ್ ಮಗಾ, ಹಾಗೇ ಇರುವುದು.

ಆದರೆ ನನ್ನ ಬುದ್ಧಿ ನೋಡಿ. ಬೆನ್ನಿಗೆ ಹೇಳಲು ಕಲಿಸಿದೆ. ಮುಖಕ್ಕೆ ಹೇಳಲು ಕಲಿಸಬೇಕೆಂಬುದು ಹೊಳೆಯಲೇ ಇಲ್ಲ. ಹೊಳೆದದ್ದು ಆ ದಿನ, ಹಾಲ್‌ನಲ್ಲಿ, ಸಾಲಾಗಿ ಹಾಕಿದ ಕುರ್ಚಿಗಳನ್ನೂ ಅವುಗಳ ತುಂಬ ಕೂತ ಮುಖಗಳನ್ನೂ ನೋಡಿದಾಗ.

ನಾನು ರೇಷ್ಮೆ ಸೀರೆ, ಅದರ ಮೇಲೆ ಕಾರ್ಡಿಗನ್, ಕೆಳಗೆ ಲವೀನಾಳ ಹಳೆಯ ಓಟದ ಶೂ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದೆ. ಇಂಗ್ಲಿಷಿನಲ್ಲಿ ನನ್ನ ಹತ್ತಿರ ಇರುವುದು ಮೂರೇ ಮಾತು: ಥ್ಯಾಂಕ್ಯೂ, ಸಾರಿ, ಲವ್ಲಿ. ಇವುಗಳಿಂದ ಲಂಡನ್ನಿನಲ್ಲಿ ಎಲ್ಲಿ ಬೇಕಾದರೂ ಹೋಗಿ ಬರಬಹುದು. ಏರನ್ ಬಂದು ಗಂಟೆ ಹೊಡೆದ ಹಾಗೆ ಒಪ್ಪಿಸಿ ಹೋದ. ಆಮೇಲೆ ಕ್ಲಾರಾ ಬಂದಳು. ನಿಂತಳು.

ಬೀಗ ಬಿದ್ದದ್ದು ನನಗೆ ಕೇಳಿಸಿತು.

ಹೆಡ್‌ಮಾಸ್ಟರು ಮುಂದೆ ಬಾಗಿ ನಕ್ಕರು. ಅವರನ್ನು ನೋಡಿ ಮೊದಲ ಸಾಲು ನಕ್ಕಿತು. ನಾಚಿಕೆಯವರಿಗೆ ಗದರಿಕೆಯನ್ನಾದರೂ ತಾಳಿಕೊಳ್ಳಬಹುದು, ಧೈರ್ಯ ತುಂಬುವ ಈ ನಗುವನ್ನು ತಾಳಿಕೊಳ್ಳುವುದು ಕಷ್ಟ. ಹಾಲ್ ತುಂಬ ಹಲ್ಲು, ಅದರ ನಡುವೆ ಒಂದು ಮಗು. ಲವೀನಾ ನನ್ನ ಕೈ ಹಿಡಿದಳು. ನಿಮ್ಮ ಅಪ್ಪ ಬಾಯಿ ತೆರೆದು ಮೊದಲ ಶಬ್ದ ಹೇಳಿಕೊಡಲು ನೋಡುತ್ತಿದ್ದ. ಆ ಶಬ್ದ ಅವನಿಗೇ ಗೊತ್ತಿರಲಿಲ್ಲ.

ಆಗ ನಾನು ಎದ್ದೆ. ಏಕೆ ಎದ್ದೆ, ಹೇಗೆ ಎದ್ದೆ ಎಂದು ಕೇಳಬೇಡಿ. ಬಸ್ಸಿನಲ್ಲಿ ನಿಲ್ಲಿಸಲು ಗಂಟೆ ಒತ್ತುವುದಕ್ಕೂ ಹೆದರಿ ಒಂದು ಸ್ಟಾಪ್ ಮುಂದೆ ಹೋಗಿ ಇಳಿಯುವವಳು ನಾನು. ಎದ್ದು ಕುರ್ಚಿಯನ್ನು ಹಿಡಿದು ತಿರುಗಿಸಿದೆ. ಅದು ಕಿರ್ರೆಂದಿತು, ವಿಗಾರರ ಬೆತ್ತದ ಕುರ್ಚಿಯ ಹಾಗೆಯೇ. ಮೊಮ್ಮಗಳಿಗೆ ಬೆನ್ನು ಹಾಕಿ ಕೂತೆ. ಈಗ ನನ್ನ ಎದುರಿಗಿದ್ದದ್ದು ಹಿಂದಿನ ಸಾಲಿನವರ ಮುಖಗಳು. ನೈಜೀರಿಯಾದ ಒಬ್ಬ ಹೆಂಗಸು, ತಲೆಗೆ ದೋಣಿಯಂಥ ನೀಲಿ ಬಟ್ಟೆ ಕಟ್ಟಿಕೊಂಡು, ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಸಾರಿ ಎಂದೆ. ನನ್ನಲ್ಲಿದ್ದ ಮೂರರಲ್ಲಿ ಆಗ ಹೊಂದುವುದು ಅದೊಂದೇ.

ಆ ಮಹಾತಾಯಿ ಏನೆಂದುಕೊಂಡಳೋ. ಇವರ ಕಡೆ ಹೀಗೆ ಮಾಡುವುದು ಕ್ರಮವಿರಬೇಕು, ನಾವೂ ಮಾಡದಿದ್ದರೆ ಮರ್ಯಾದೆಯಲ್ಲ ಎಂದುಕೊಂಡಿರಬೇಕು. ಘನಗಾಂಭೀರ್ಯದಿಂದ ಎದ್ದು ತನ್ನ ಕುರ್ಚಿಯನ್ನೂ ತಿರುಗಿಸಿದಳು. ಅವಳ ಪಕ್ಕದವರು ತಿರುಗಿಸಿದರು. ಒಬ್ಬ ಮುದುಕ ಕೋಲೂರಿಕೊಂಡು ಎದ್ದ. ಕಿರ್, ಕಿರ್, ಕಿರ್ರೆಂದು ಸಾಲಿನ ಮೇಲೆ ಸಾಲು. ಇಂಗ್ಲಿಷರಿಗೆ ಒಬ್ಬರೇ ತಪ್ಪು ದಿಕ್ಕಿಗೆ ಕೂರುವುದೆಂದರೆ ಆಗದು. ಕೊನೆಗೆ ಹೆಡ್‌ಮಾಸ್ಟರು ಕೂಡ, ಕೋಟು ಸರಿಪಡಿಸಿಕೊಂಡು, ಗೋಡೆಯ ಕಡೆ ತಿರುಗಿದರು. ಇಡೀ ಹಾಲ್ ಬಾಗಿಲ ಮೇಲಿನ ಹಸಿರು ಎಕ್ಸಿಟ್ ಬೋರ್ಡನ್ನು ಪೀಠವೆಂಬಂತೆ ನೋಡುತ್ತ ಕೂತಿತು.

ಆಮೇಲೆ, ನಮ್ಮೆಲ್ಲರ ಬೆನ್ನ ಹಿಂದೆ, ಬೆಕ್ಕು ಒಳಗೆ ಬಂತು. ಮೊದಲು ಮೆಲ್ಲಗೆ, ಆಮೇಲೆ ಅಷ್ಟು ಮೆಲ್ಲಗಲ್ಲ, ಕೊನೆಯ ಸಾಲುಗಳಲ್ಲಿ ಮನೆಯೆಲ್ಲ ತನ್ನದೇ ಎಂಬಂತೆ. ಅವಳು ಆಮೆನ್ ಎಂದಾಗ ನಾವೆಲ್ಲ ಬಾಗಿಲಿಗೆ ಆಮೆನ್ ಎಂದೆವು.

ಚಹದ ಹೊತ್ತಿಗೆ ಹೆಡ್‌ಮಾಸ್ಟರು ಹುಡುಕಿಕೊಂಡು ಬಂದರು. ಮೊದಲು ಕ್ಲಾರಾಳಿಗೆ, ಮುಂದಿನ ವರ್ಷ ಗೆಳತಿಯ ಪಕ್ಕದಲ್ಲೇ ಕೂರು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇದು ನಿಮ್ಮ ನಾಡಿನ ಸಂಪ್ರದಾಯವೇ ಎಂದು ಬಹಳ ಭಕ್ತಿಯಿಂದ ಕೇಳಿದರು. ಹೇಳಬೇಕೆಂದರೆ ಹಟ್ಟಿ, ಕರು, ಗದ್ದೆ, ಕೊಡೆಯಂಥ ಮನುಷ್ಯ, ಎಲ್ಲ ಹೇಳಬೇಕು. ನಾನು ಲವ್ಲಿ ಎಂದೆ. ನಿಮ್ಮ ಅಪ್ಪ ಗಂಟಲು ಸರಿಮಾಡಿಕೊಂಡು, "ಹೌದು, ಬಹಳ ಪುರಾತನವಾದದ್ದು" ಎಂದುಬಿಟ್ಟ. ಗೇರುಮರದಲ್ಲಿ ಕೂತಿದ್ದವನಿಗೆ ಏನು ಗೊತ್ತು. ಆದರೆ ಯೋಚಿಸಿದರೆ, ಯಾವುದೇ ಸಂಪ್ರದಾಯವೂ ಮೊದಲು ಯಾರೋ ಒಬ್ಬ ನಾಚಿಕೆಯ ಹುಡುಗಿಗಾಗಿ ಯಾರೋ ಒಬ್ಬರು ಸ್ಟೂಲು ತಿರುಗಿಸಿದ್ದೇ ಇರಬಹುದು. ಈಗ ಆ ಶಾಲೆಯಲ್ಲಿ ಯಾವ ಮಗು ಕೇಳಿದರೂ ಎಲ್ಲರೂ ಕುರ್ಚಿ ತಿರುಗಿಸುತ್ತಾರೆ. ಕಳೆದ ಸಲ ಏರನ್ ಕೂಡ ಕೇಳಿದ. ಅವನಿಗೆ ಬೇಕಾದದ್ದು ಆ ಕಿರ್ರೆಂಬ ಸದ್ದು ಮಾತ್ರ.

ಮನೆಗೆ ಬರುವಾಗ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಕ್ಲಾರಾ ನನ್ನ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಿದ್ದವಳು ತಟ್ಟನೆ ತಿರುಗಿ ಹೇಳಿದಳು:

"ಮಾಂಯ್, ನಿಮ್ಮ ಕಿವಿ ಅಲ್ಲಾಡ್ತಾ ಇತ್ತು."

"ಯಾವಾಗ?"

"ನಾನು ಹೇಳುವಾಗ. ಪೂರ್ತಿ. ಓಲೆ ಕೂಡ ಅಲ್ಲಾಡ್ತಿತ್ತು. ನೀವು ಎಂತ ತಿನ್ತಾ ಇದ್ರಿ?"

ನಾನು ಏನೂ ತಿನ್ನುತ್ತಿರಲಿಲ್ಲ. ಅವಳ ಮೊದಲ ಶಬ್ದದಿಂದ ಕೊನೆಯ ಆಮೆನ್‌ವರೆಗೆ ಒಂದೊಂದು ಅಕ್ಷರವನ್ನೂ, ದನಿ ಹೊರಡಿಸದೆ, ನನ್ನ ಹೊಳೆ ನೀರಿನ ಲ್ಯಾಟಿನ್‌ನಲ್ಲಿ ಅವಳ ಜೊತೆ ಹೇಳುತ್ತಿದ್ದೆ. ಅದು ನನಗೂ ಗೊತ್ತಾದದ್ದು ಅವಳು ಕೇಳಿದಾಗಲೇ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಮೇಸ್ತ್ರಿಗಳು ಪಾಠಕ್ಕೆ ಮೊದಲು ಅಂಗಳದ ಅಂಚಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬರುತ್ತಿದ್ದದ್ದು ಆಗ ನೆನಪಾಯಿತು. ಆ ಜಗಲಿಯಲ್ಲಿ ನಾನೊಬ್ಬಳೇ ಒಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದೆ.

"ಎಲೆ ಅಡಿಕೆ" ಎಂದೆ ಕ್ಲಾರಾಳಿಗೆ. ಅವಳು ಮುಖ ಸಿಂಡರಿಸಿದಳು.

ಈಗ ಹಿಂದೆ ಪಿಟೀಲು ನಿಂತಿದೆ. ಇಷ್ಟು ಹೊತ್ತು ಅದು ಬಾಗಿಲಿಗೆ ಎಣ್ಣೆ ಬೇಕೆಂಬಂತೆ ಕೂಗಿ, ಕೊನೆಗೆ ಎಲ್ಲೋ ಒಂದು ಸ್ವರದಲ್ಲಿ, ಒಂದೇ ಒಂದು ಉಸಿರಿನಷ್ಟು ಹೊತ್ತು, ಸರಿಯಾಗಿ ಹಾಡಿತು. ಅದು ಅವಳಿಗೂ ಗೊತ್ತಾಗಿದೆ, ದನಿಯಿಲ್ಲದೆ ಅದನ್ನೇ ಹಾಡುತ್ತಿರುವ ನನ್ನ ತುಟಿಗೂ. ರಾಳದ ವಾಸನೆ ಇನ್ನೂ ಇದೆ.

"ಮಾಂಯ್, ಈಗ ಬೇಕಾದ್ರೆ ಈ ಕಡೆ ತಿರುಗಿ. ನೋಡ್ಬಹುದು."

ಅಂಥ ಮಾತನ್ನು ಮೇಸ್ತ್ರಿಗಳಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ಒಂದು ನಿಮಿಷ ತಾಳು ಮಗಾ, ತಿರುಗುತ್ತೇನೆ ಎಂದಿದ್ದೇನೆ. ಬಾಯಲ್ಲಿ ಎಲೆ ಅಡಿಕೆ ಇದೆ.